ಮೂರಡಿ ಸಮುದ್ರ

ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದು ಖಾಲಿ ಬಿದ್ದಿದೆ. ಬಂದವರು ಅದರ ಮೇಲೆ ಹೆಲ್ಮೆಟ್ಟು, ಛತ್ರಿ, ಮದುವೆಯ ಕಾರ್ಡು ಇಟ್ಟು ಕೂರುತ್ತಾರೆ. ನಾನು ಏನೂ ಅನ್ನುವುದಿಲ್ಲ. ಹಿಂದೆ ಆ ಗಾಜಿಗೆ ಯಾರಾದರೂ ಬೆರಳು ತಾಗಿಸಿದರೆ ಮೈಮೇಲೆ ಬೀಳುತ್ತಿದ್ದವಳು ನಾನೇ. ಆಗ ಅದರೊಳಗೆ ಸಮುದ್ರ ಇತ್ತು.

ಇವರು, ಅಂದರೆ ನನ್ನ ಗಂಡ, ಗೋಕಾಕದ ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಹಚ್ಚುವವರು. ಮಾವು, ಪೇರಲ, ಬದನೆಕಾಯಿ, ಗಿಳಿ. ಇವರು ಬಣ್ಣ ಹಚ್ಚಿದ ಪೇರಲಹಣ್ಣಿಗೆ ನನ್ನ ತವರಿನ ಕಾಕಾ ಒಮ್ಮೆ ಹಲ್ಲು ಹಾಕಿ, ಆಮೇಲೆ ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಹಣ್ಣೇ ಮುಟ್ಟಲಿಲ್ಲ. ಅಂಥ ಕೈ ಇವರದು. ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಿಬ್ಬರಲ್ಲಿ ಎಲ್ಲ ತಿಳಿದವಳು ನಾನು ಎಂದು ನಾನೇ ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಇವರ ಕಣ್ಣಿನ ಸುದ್ದಿ ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ನಾನು ಜಗಳಕ್ಕೇ ನಿಂತಿದ್ದೆ. ನೋಟ ಅಂಚಿನಿಂದ ಒಳಕ್ಕೆ ಕರಗುತ್ತ ಬರುವ ರೋಗ. ಔಷಧಿ ಇಲ್ಲ, ಆಪರೇಷನ್ ಇಲ್ಲ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಎಂದರು ಡಾಕ್ಟರು. ಈಗ ಎಷ್ಟು ಕಾಣುತ್ತದೆ ಎಂದು ಕೇಳಿದ್ದಕ್ಕೆ ಇವರು ನನ್ನ ಕೈಯ ಬಳೆಯೊಂದನ್ನು ತೆಗೆದುಕೊಂಡು ಕಣ್ಣಿನ ಮುಂದೆ ಹಿಡಿದು, "ಇಷ್ಟ ಕಾಣತೈತ್ರಿ" ಎಂದರು.

ಅದೇ ಆಸ್ಪತ್ರೆಯಲ್ಲಿ ಪಾಳಿ ಕಾಯುವವರಿಗಾಗಿ ಗೋಡೆಗೊಂದು ಟಿವಿ ಹಾಕಿದ್ದರು. ಅದರಲ್ಲಿ ಸಮುದ್ರದ ತಳ ತೋರಿಸುತ್ತಿದ್ದರು. ಹವಳದ ಬಂಡೆ, ಅದರ ಮೇಲೆ ಗರಿಕೆಯಂತೆ ಅಲುಗಾಡುವ ಹಸಿರು. ಇವರು ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. "ಇಂಥಾ ಹಸಿರ ನಾ ಇನ್ನೂ ಕಲಸಿಲ್ಲ ನೋಡ. ಇದು ಟಿವಿ ಬಣ್ಣೋ, ಖರೇ ಬಣ್ಣೋ ಯಾರಿಗೆ ಗೊತ್ತು" ಎಂದರು. ಖರೇ ಬಣ್ಣ ತೋರಿಸಿಯೇ ತೀರಬೇಕು ಎಂದು ನಾನು ಅಲ್ಲೇ ನಿರ್ಧರಿಸಿಬಿಟ್ಟೆ. ಮೊಣಕಾಲುದ್ದದ ನೀರಿಗೂ ಹೆದರುವ ಮನುಷ್ಯನನ್ನು ಸಮುದ್ರದ ತಳಕ್ಕೆ ಒಯ್ಯುವುದು ಆಗದ ಮಾತು, ಸಮುದ್ರವೇ ಮನೆಗೆ ಬರಬೇಕಾಗಿತ್ತು.

ಬೆಳಗಾವಿಯ ಒಬ್ಬ ಅಂಗಡಿಯವರು ತೊಟ್ಟಿ, ಸಮುದ್ರದ ಉಪ್ಪಿನ ಚೀಲ, ನೀಲಿ ದೀಪ, ರಂಧ್ರ ರಂಧ್ರವಾದ ಬಂಡೆಗಲ್ಲು ಕೊಟ್ಟರು. ಅವಸರ ಮಾಡಬೇಡಿ ಎಂದೂ ಹೇಳಿದರು. ಕಲ್ಲಿನೊಳಗೆ ಒಳ್ಳೆಯ ಸೂಕ್ಷ್ಮಜೀವಿಗಳು ನೆಲೆಗೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಬೇಕು, ಅಲ್ಲಿಯತನಕ ಯಾವ ಜೀವಿಯನ್ನೂ ನೀರಿಗೆ ಬಿಡುವಂತಿಲ್ಲ. ನಾನು ಕ್ಯಾಲೆಂಡರು ನೋಡುತ್ತಿದ್ದೆ. ಇವರ ಬಳೆ ಸಣ್ಣದಾಗುತ್ತಿತ್ತು, ನನ್ನ ತೊಟ್ಟಿಯಲ್ಲಿ ಬರೀ ಕಂದು ಪಾಚಿ ಬೆಳೆಯುತ್ತಿತ್ತು. ಹುಕ್ಕೇರಿಯ ತವರಿನಿಂದ ಬಂದ ಅವ್ವ ಅದನ್ನು ನೋಡಿ, "ಹವಳಂದ್ರ ಕೊರಳಾಗ ಹಾಕ್ಕೊಳ್ಳೂದಲ್ಲೇನ? ಇದನ್ಯಾಕ ನೀರಾಗ ಬೆಳಸಾಕತ್ತಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವ್ವನ ಮಾತು ಬಂದಿದ್ದರಿಂದ ಹಂಡೆಯ ವಿಷಯ ಈಗಲೇ ಹೇಳಬೇಕು. ತೊಟ್ಟಿಯ ನೀರು ಬಿಸಿಲಿಗೆ ದಿನವೂ ಎರಡು ಮೂರು ತಂಬಿಗೆಯಷ್ಟು ಆರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಆರಿದಷ್ಟೂ ಸಿಹಿನೀರನ್ನೇ ಸುರಿಯಬೇಕು, ಅದೂ ಫಿಲ್ಟರಿನ ನೀರು. ನಮ್ಮ ಫಿಲ್ಟರು ಹನಿ ಹನಿಯಾಗಿ ಸೋರುವಂಥದು, ನೀರನ್ನು ಎಲ್ಲಾದರೂ ತುಂಬಿಡಲೇಬೇಕು. ಉಪ್ಪುನೀರನ್ನು ನಾನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುತ್ತಿದ್ದೆ. ಉಪ್ಪು ಲೋಹವನ್ನು ತಿನ್ನುತ್ತದೆ ಎಂದು ಪಾಠ ಹೇಳುವವಳಿಗೆ ಅಷ್ಟು ಗೊತ್ತಿರದೆ ಏನು? ಸಿಹಿನೀರಿಗೆ ಮಾತ್ರ ಮದುವೆಯಲ್ಲಿ ತವರಿನವರು ನನ್ನ ಹೆಸರು ಕೊರೆಸಿ ಕೊಟ್ಟ ತಾಮ್ರದ ಹಂಡೆ. ನಮ್ಮಲ್ಲಿ ಕುಡಿಯುವ ನೀರಿಗೆ ಅದಕ್ಕಿಂತ ಶುದ್ಧವಾದ ಪಾತ್ರೆ ಇಲ್ಲ. ದಿನಾ ಮುಂಜಾನೆ ಹುಣಸೆಹಣ್ಣು ಹಾಕಿ ಕನ್ನಡಿಯಂತೆ ತಿಕ್ಕಿ, ತೊಳೆದು, ಬಚ್ಚಲಿನ ಬಾಗಿಲ ಬಳಿಯ ಫಿಲ್ಟರಿನ ಕೆಳಗೆ ಇಡುತ್ತಿದ್ದೆ. ಪೂಜೆಯ ಕೆಲಸ ಮಾಡಿದಷ್ಟು ಶ್ರದ್ಧೆಯಿಂದ ಮಾಡಿದೆ.

ಕೊನೆಗೂ ಪಾಚಿ ಇಳಿಯಿತು. ಕೇಸರಿ ಬಣ್ಣದ ಎರಡು ಮೀನು ಬಂದವು, ಕಲ್ಲು ನೆಕ್ಕುವ ಬಸವನಹುಳುಗಳು ಬಂದವು. ಆಮೇಲೆ ಅಂಗೈಯಷ್ಟು ಅಗಲದ ಹಸಿರು ಹವಳ ಬಂತು. ಎರಡು ದಿನ ಅದು ನೇರಳೆ ಬಣ್ಣದ ಚರ್ಮದಂತೆ ಮುಚ್ಚಿಕೊಂಡೇ ಇತ್ತು. ಮೂರನೆಯ ದಿನ, ರವಿವಾರ ಮಧ್ಯಾಹ್ನ, ನಾನು ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಇವರು ಕೂಗಿದರು.

"ಲಗೂ ಬಾ ಇಲ್ಲಿ! ತೆರದೈತಿ!"

ಹಿಟ್ಟಿನ ಕೈಯಲ್ಲೇ ಓಡಿದೆ. ಹವಳದ ತುಂಬ ಸಣ್ಣ ಸಣ್ಣ ಹಸಿರು ನಕ್ಷತ್ರಗಳು ಅರಳಿ ಅಲುಗುತ್ತಿದ್ದವು. ಇವರು ಗಾಜಿನ ಮುಂದೆ ಮಂಡಿಯೂರಿ ಕೂತಿದ್ದರು. ಅಂಗೈಯಷ್ಟೇ ಇದ್ದದ್ದು ಒಳ್ಳೆಯದಾಯಿತು, ಬಳೆಯೊಳಗೆ ಪೂರ್ತಿ ಹಿಡಿಸಿತು. "ಟಿವಿಯವ್ರು ಸುಳ್ಳ ಹೇಳಿಲ್ಲ ಬಿಡ" ಎಂದರು. ನನ್ನ ರೊಟ್ಟಿ ಹೊತ್ತಿ ಕರಕಲಾಯಿತು. ಅಷ್ಟು ಸಂತೋಷದ ದಿನ ನನಗೆ ಬೇರೆ ನೆನಪಿಲ್ಲ.

ಮರುದಿನದಿಂದಲೇ ಆ ಹಸಿರನ್ನು ಕಲಸಲು ಕೂತರು. ಒಂದು ಕಟ್ಟಿಗೆಯ ಗಿಳಿ ಹಿಡಿದು, ತೊಟ್ಟಿಯ ಬಾಜೂ ಬಣ್ಣದ ಡಬ್ಬಿಗಳನ್ನು ಹರವಿಕೊಂಡು, ಒಮ್ಮೆ ಹವಳ, ಒಮ್ಮೆ ಕುಂಚ ನೋಡುತ್ತ ಹಳದಿ ಹಾಕುತ್ತಿದ್ದರು, ನೀಲಿ ಹಾಕುತ್ತಿದ್ದರು, ಒರೆಸುತ್ತಿದ್ದರು. "ಬರವಲ್ದು. ಆದ್ರ ಸಮೀಪ ಬಂದೇನಿ" ಎನ್ನುತ್ತಿದ್ದರು. ಗಿಳಿಯ ಒಂದು ರೆಕ್ಕೆ ಆಯಿತು.

ಆಗ ಬಸವನಹುಳುಗಳು ಸಾಯತೊಡಗಿದವು. ಮೊದಲು ಒಂದು, ನಾಲ್ಕು ದಿನದಲ್ಲಿ ಎಲ್ಲವೂ. ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡಿಕೊಂಡಿದ್ದವು. ಹವಳ ಅರ್ಧ ತೆರೆಯಿತು, ಕಾಲು ತೆರೆಯಿತು, ಮುಚ್ಚಿಕೊಂಡಿತು. ಸ್ಕೂಲಿನಿಂದ ಬಂದವಳು ಬಸ್ಸಿನ ಧೂಳು ಸಹ ಒರೆಸಿಕೊಳ್ಳದೆ ನೀರು ಪರೀಕ್ಷಿಸುತ್ತಿದ್ದೆ. ಉಪ್ಪು ಸರಿ, ಬಿಸಿ ಸರಿ, ನನ್ನ ಬಳಿ ಇದ್ದ ಎಲ್ಲ ಪರೀಕ್ಷೆಯೂ ಸರಿ. ಹಾಗಾದರೆ ತಪ್ಪು ಯಾರದು? ಯಾರದಾದರೂ ಆಗಲೇಬೇಕಲ್ಲ. ತೊಟ್ಟಿಯ ಪಕ್ಕದಲ್ಲಿ ಇವರು ಕುಂಚ ತೊಳೆಯುವ ಟರ್ಪೆಂಟೈನಿನ ಬಾಟಲಿ ಕಂಡಿತು.

"ನಿಮ್ಮ ಕೈಯಿಂದನ ಆಗೈತಿ ಇದೆಲ್ಲಾ" ಎಂದೆ. "ಬಣ್ಣದ ಕೈಲೆ ಗಾಜ ಮುಟ್ಟತೀರಿ, ಮೀನಿಗಿ ಕಾಳ ಹಾಕತೀರಿ. ನಾ ಸಾಯಾಕತ್ತೇನಿ ಇದನ್ನ ಉಳಿಸಾಕ, ನೀವು ವಿಷಾ ಹಾಕಾಕತ್ತೀರಿ."

"ನಾ ಕೈ ತೊಳಕೊಂಡ ಹಾಕತೇನಲ್ಲ" ಎಂದರು, ಮೆಲ್ಲಗೆ.

"ಕಾಣತೈತೇನ ನಿಮಗ, ತೊಳದದ್ದು?"

ಇಂಥ ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಬರುವುದಿಲ್ಲ. ಇವರು ತಡವರಿಸುತ್ತ ಡಬ್ಬಿಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿದರು, ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿದರು, ಒಂದು ರೆಕ್ಕೆಯ ಗಿಳಿಯನ್ನೂ ಸೇರಿಸಿ ಟ್ರಂಕಿನಲ್ಲಿಟ್ಟರು. ಆ ಟ್ರಂಕನ್ನು ಅಟ್ಟಕ್ಕೆ ಏರಿಸಿದವಳು ನಾನು. ಅಂದಿನಿಂದ ಅವರು ಪಡಸಾಲೆಯ ಆಚೆ ತುದಿಯಲ್ಲಿ, ತೊಟ್ಟಿಯಿಂದ ದೂರ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದರು.

ಎರಡು ತಿಂಗಳು ಹೀಗೇ ಕಳೆಯಿತು. ಇನ್ನೊಂದು ಹವಳ ತಂದೆ, ಅದೂ ಸತ್ತಿತು. ಹಂಡೆಯನ್ನು ಇನ್ನೂ ಜೋರಾಗಿ ತಿಕ್ಕಿದೆ. ಕೊನೆಗೆ ಒಂದು ಮಧ್ಯಾಹ್ನ, ಸ್ಕೂಲಿನ ಬಿಡುವಿನಲ್ಲಿ, ಬೆಳಗಾವಿಯ ಅಂಗಡಿಯವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ತಾಳ್ಮೆಯಿಂದ ಕೇಳಿ, "ಮೀನ ಅರಾಮ ಅದಾವಂತೀರಿ, ಹುಳಾ ಅಷ್ಟ ಸತ್ತಾವಂತೀರಿ. ಮೇಡಂ, ಮ್ಯಾಲೆ ಹಾಕೂ ನೀರ ಯಾತರಾಗ ಇಡತೀರಿ?" ಎಂದರು.

"ತಾಮ್ರದ ಹಂಡ್ಯಾಗ್ರಿ. ದಿನಾ ಹುಣಸಿಹಣ್ಣ ಹಚ್ಚಿ..."

ಅವರು ಹೇಳುವ ಮೊದಲೇ ನನಗೆ ತಿಳಿದಿತ್ತು. ನನ್ನ ಹಿಂದಿನ ಕರಿಹಲಗೆಯ ಮೇಲೆ ನಾನೇ ಬರೆದ ಪಾಠ ಇನ್ನೂ ಅಳಿಸಿರಲಿಲ್ಲ: ಹುಳಿ ಪದಾರ್ಥಗಳು ತಾಮ್ರವನ್ನು ಕರಗಿಸುತ್ತವೆ, ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದು. ದಿನಾ ಹುಳಿ ಹಚ್ಚಿ ತಿಕ್ಕಿದ ಹಂಡೆಯಿಂದ ನೀರಿಗೆ ತಾಮ್ರ ಚೂರು ಕರಗಿದರೂ ಸಾಕು, ಹವಳ, ಬಸವನಹುಳು ಉಳಿಯುವುದಿಲ್ಲ, ಮೀನಿಗೆ ಅಷ್ಟಾಗಿ ಏನೂ ಆಗುವುದಿಲ್ಲ ಎಂದರು ಅವರು. ಕಲ್ಲೂ ತಾಮ್ರ ಕುಡಿದಿರುತ್ತದೆ, ಬಿಸಾಡಿ, ಮೊದಲಿನಿಂದ ಮಾಡಬೇಕು, ನಾಲ್ಕೈದು ತಿಂಗಳು ಬೇಕು. ಮೂಡಲಗಿಯಿಂದ ಗೋಕಾಕದವರೆಗೆ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನಾಲ್ಕೈದು ತಿಂಗಳು ನಮ್ಮ ಬಳಿ ಇರಲಿಲ್ಲ.

ಮನೆಗೆ ಬಂದವಳೇ ಇವರ ಮುಂದೆ ಕೂತು ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. "ಹೋಗ್ಲಿ ಬಿಡ. ನೀನೂ ಚಲೋ ಆಗ್ಲಿ ಅಂತನ ಮಾಡೀದಿ" ಎಂದರು. ಆ "ನೀನೂ" ನನಗೆ ಇಂದಿಗೂ ನೋಯುತ್ತದೆ. ಅಟ್ಟದಿಂದ ಟ್ರಂಕು ಇಳಿಸಿ ಗಿಳಿಯನ್ನು ಕೈಗೆ ಕೊಟ್ಟೆ. ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿ ಗಟ್ಟಿಯಾಗಿತ್ತು. ಹೊಸದು ತರುತ್ತೇನೆ ಎಂದೆ. ಅವರು ಗಿಳಿಯನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದು, ಬಳಿಕ ಹೆಬ್ಬೆರಳಿನಿಂದ ರೆಕ್ಕೆ ಸವರಿ, "ಯಾವ ರೆಕ್ಕಿಗಿ ಹಚ್ಚಿದ್ದೆ?" ಎಂದು ನನ್ನನ್ನೇ ಕೇಳಿದರು.

ಬಳೆಯಾಗಿದ್ದ ನೋಟ ಆ ಎರಡು ತಿಂಗಳಲ್ಲಿ ಉಂಗುರದಷ್ಟಾಗಿತ್ತು. ಇವರು ಕೈ ಕಟ್ಟಿ ಕೂತು ಕಳೆದ ಆ ದಿನಗಳನ್ನು ಯಾವ ದೇವರೂ ನನಗೆ ವಾಪಸು ಕೊಡುವುದಿಲ್ಲ.

ಮೀನುಗಳನ್ನು ಅಂಗಡಿಗೆ ಮರಳಿಸಿ, ಕಲ್ಲು ಹೊರಹಾಕಿದೆ. ಹಂಡೆಯನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದುಕೊಂಡು ಬಚ್ಚಲಿನ ಬಾಗಿಲ ಬಳಿ ಅಲ್ಲೇ ಇರಗೊಟ್ಟೆ, ತಿಕ್ಕುವುದನ್ನು ಬಿಟ್ಟೆ. ಅದು ಕೆಂಪಾಯಿತು, ಕಪ್ಪಾಯಿತು. ಒಂದು ವಾರದ ಮೇಲೆ ಮುಂಜಾನೆ ಇವರು ಬಚ್ಚಲಿಗೆ ಹೋಗುವಾಗ ಗೋಡೆಗೆ ಹಣೆ ಬಡಿದುಕೊಂಡರು. ಓಡಿಹೋಗಿ ಹಿಡಿದುಕೊಂಡೆ.

"ಹಂಡಿ ತಗದಿಯೇನ?" ಎಂದು ಕೇಳಿದರು.

"ಇಲ್ರಿ, ಇಲ್ಲೇ ಐತಿ."

"ಮತ್ತ ಕಾಣವಲ್ದು. ಮುಂಜಾನಿ ಬಿಸಿಲಿಗಿ ಅದ ಹೊಳೀತಿತ್ತು, ಅದನ್ನ ನೋಡಿಕೊಂಡ ಬಾಗಲಾ ಹುಡಕತಿದ್ದೆ. ನನಗ ಈಗ ಈ ಮನ್ಯಾಗ ನೆಟ್ಟಗ ಕಾಣೂದು ಅದೊಂದ. ತಿಕ್ಕೂದು ಬಿಡಬ್ಯಾಡ."

ಅಂದಿನಿಂದ ದಿನಾ ಮುಂಜಾನೆ, ಮೂಡಲಗಿಯ ಬಸ್ಸು ಹಿಡಿಯುವ ಮೊದಲು, ಹುಣಸೆಹಣ್ಣು ಹಚ್ಚಿ ಆ ಹಂಡೆಯನ್ನು ತಿಕ್ಕುತ್ತೇನೆ.