ಆರ್ವಿಲ್ ಮಾವನ ಭೂತಗನ್ನಡಿ
ಅಮೆರಿಕದ ಟೊಲೀಡೊದ ಆರ್ವಿಲ್ ಮಾವನ ಕೈಗೆ, ಆಟಗಾರರ ಚಿತ್ರ ಅಚ್ಚಾದ ಹಳೆಯ ಬೇಸ್‌ಬಾಲ್ ಕಾರ್ಡು ಸಿಕ್ಕಿತೆಂದರೆ ಊಟ ಆರಿತೆಂದೇ ಅರ್ಥ. ಒಂದೇ ವರ್ಷದ, ಒಬ್ಬನೇ ಆಟಗಾರನ ಎರಡು ಕಾರ್ಡುಗಳನ್ನು ಅಂಚಿನಲ್ಲಷ್ಟೇ ಹಿಡಿದು, ಕಿಟಕಿಯ ಬೆಳಕಿಗೊಡ್ಡಿ, ಭೂತಗನ್ನಡಿಯಲ್ಲಿ ನೋಡಿ, ಕೊನೆಗೆ ಮೂಸಿಯೂ ನೋಡಿ, "ಇದರ ಬೆನ್ನು ಬೂದಿಬಣ್ಣ, ಅದರದ್ದು ಕೆನೆಬಣ್ಣ. ಕಣ್ಣಿದೆಯೇನಮ್ಮಾ ನಿಂಗೆ?" ಎಂದು ಸೊಸೆ ಜನೆಲ್‌ಳನ್ನು ಕೆಣಕುವರು. ಚಿತ್ರದ ಆಟಗಾರನ ಟೋಪಿಯ ಮೇಲೆ ಸಾಸಿವೆಯಷ್ಟು ಮಸಿ ಹೆಚ್ಚಿಗೆ ಬಿದ್ದಿದ್ದರೂ ಅದು ಅವರ ನೋಟುಬುಕ್ಕಿಗೆ ಏರಬೇಕು. ಆದರೆ ಕಾರ್ಡಿನೆದುರು 'ಅಪರೂಪ' ಎಂದು ಬರೆಯುವುದರಲ್ಲಿ ಮಹಾ ಜಿಪುಣರು. ನಲವತ್ತು ವರ್ಷದಲ್ಲಿ ಬರೆದದ್ದು ಮೂರೇ ಸಲ. ತಿಂಗಳ ಹಿಂದೆ ಹುಟ್ಟಿದ ಅವಳಿ ಮೊಮ್ಮಕ್ಕಳನ್ನು ಮಾತ್ರ ಇನ್ನೂ ಎತ್ತಿಕೊಂಡಿಲ್ಲ. "ಇವಕ್ಕೆ ಅಂಚೇ ಇಲ್ವಲ್ಲಮ್ಮಾ, ಎಲ್ಲಿ ಹಿಡೀಲಿ?" ಎನ್ನುವರು. ಮಕ್ಕಳ ಮೇಲೆ ಇವರಿಗೆ ಅಕ್ಕರೆಯೇ ಇಲ್ಲವೇನೋ ಎಂಬುದು ಜನೆಲ್‌ಳ ಕೊರಗು. ಮೊನ್ನೆ ಸ್ನಾನ ಮಾಡಿಸುವಾಗ ಎರಡೂ ಮಕ್ಕಳ ಕಾಲಿನ ಹೆಸರುಪಟ್ಟಿ ಕಳಚಿ ನೀರಿಗೆ ಬಿದ್ದು, ಲೈಲ್ ಯಾರು, ವೇಡ್ ಯಾರು ತಿಳಿಯದೆ ಅವಳು ಅಳುತ್ತ ಓಡಿಬಂದಳು. "ಮಾವಾ, ಹೆತ್ತ ನಂಗೇ ಗೊತ್ತಾಗ್ತಿಲ್ಲ!" "ಅಳ್ಬೇಡ ತಾಯಿ, ಯಾವ ಎರಡೂ ಒಂದೇ ಅಚ್ಚಲ್ಲ," ಎಂದು ಮಾವ ನೋಟುಬುಕ್ಕಿನ ಕೊನೆಯ ಪುಟ ತೆರೆದರು. ಮಕ್ಕಳು ಹುಟ್ಟಿದ ದಿನದ ತಾರೀಖು ಹಾಕಿ, ಲೈಲ್‌ಗೆ ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ, ವೇಡ್‌ಗೆ ಮಚ್ಚೆಯಿಲ್ಲ ಎಂದು ಬರೆದಿತ್ತು. ಎರಡೂ ಹೆಸರಿನ ಎದುರು, ಅದೇ ಜಿಪುಣ ಕೈಯಲ್ಲಿ, 'ಅಪರೂಪ'.