ಅಪ್ಪ ಅಳುವ ಕಥೆ

ಕುಶಾಲನಗರದ ಹತ್ತಿರ ಮುಸುಕಿನ ಜೋಳ, ಶುಂಠಿ ಬೆಳೆಯುವ ಶಶಿಕುಮಾರನಿಗೆ ತಾನು ಭಾರಿ ಓದುಗನೆಂಬ ಹೆಮ್ಮೆ. ಮದುವೆಯಾದ ಮೇಲೆ ಅವನು ಗಮನವಿಟ್ಟು ಓದಿದ್ದು ಔಷಧಿ ಡಬ್ಬಿಯ ಮೇಲಿನ ಸೂಚನೆಗಳನ್ನು ಮಾತ್ರ. ಅದನ್ನು ಅವನೇ ಹೇಳಿಕೊಂಡು ನಗುತ್ತಿದ್ದ. ಆದರೂ ಅವ್ವ ಕಾಮಾಕ್ಷಮ್ಮನ ಟ್ರಂಕಿನಲ್ಲಿ ತನ್ನ ಹಳೆಯ ಕಥೆಪುಸ್ತಕ ಸಿಕ್ಕಾಗ ಅವನ ಗತ್ತು ನೋಡಬೇಕಿತ್ತು.

“ನೋಡ್ತಿರು, ಮಕ್ಕಳು ಅತ್ತೇಬಿಡ್ತಾವೆ,” ಎಂದ ಹೆಂಡತಿ ವೀಣಾಳಿಗೆ. ಚಿಕ್ಕವನಿದ್ದಾಗ ಆ ಕಥೆಗೆ ದಿಂಬು ನೆನೆಯುವಷ್ಟು ಅತ್ತಿದ್ದ.

ಸಂಜೆ ಲೋಹಿತ್, ತೇಜಸ್ವಿನಿ ಇಬ್ಬರನ್ನೂ ಪಕ್ಕ ಕೂರಿಸಿಕೊಂಡು ಶುರುಮಾಡಿದ. ದಾರಿ ತಪ್ಪಿದ ಮರಿಯಾನೆ ಅಜ್ಜಿಯೊಬ್ಬಳ ಅಂಗಳಕ್ಕೆ ಬರುತ್ತದೆ. ಅವಳು ಹಲಸಿನ ಹಣ್ಣು ತಿನ್ನಿಸುತ್ತಾಳೆ. ಓದುತ್ತ ಅಜ್ಜಿಗೆ ನಡುಗುವ ದನಿ, ಆನೆಗೆ ಮೂಗಿನ ದನಿ ಹಚ್ಚಿದ.

“ಅಜ್ಜಿಗೆ ಬುದ್ಧಿ ಇಲ್ವಾ ಅಪ್ಪ?” ಎಂದ ಲೋಹಿತ್. “ಹಣ್ಣು ಕೊಟ್ರೆ ನಾಳೆ ಇಡೀ ಹಿಂಡೇ ಬರುತ್ತೆ. ಫಾರೆಸ್ಟ್‌ನೋರಿಗೆ ಫೋನ್ ಮಾಡ್ಬೇಕಿತ್ತು.”

ಹೋದ ವರ್ಷ ಆನೆಗಳು ಜೋಳ ತುಳಿದಾಗ ಪಟಾಕಿ ಹಿಡಿದು ಓಡಿದ್ದವನು ಶಶಿಕುಮಾರನೇ. ಕೆಮ್ಮಿ ಪುಟ ತಿರುವಿದ. ಪುಟ್ಟ ತೇಜಸ್ವಿನಿಯೋ, ಚಿತ್ರದ ಮೂಲೆಯಲ್ಲಿದ್ದ ಕೋಳಿಯ ಹೆಸರೇನೆಂದು ಪೀಡಿಸುತ್ತಲೇ ಇದ್ದಳು. ಅಲ್ಲೊಂದು ಕೋಳಿಯಿದೆ ಎಂಬುದೇ ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಕೊನೆಯ ಪುಟ. ಹೊಳೆಯಾಚೆಯಿಂದ ತಾಯಾನೆ ಕೂಗುತ್ತದೆ. ಮರಿ ನೀರಿಗಿಳಿದು ಒಮ್ಮೆ ಹಿಂತಿರುಗಿ ನೋಡುತ್ತದೆ. ಇನ್ನೇನು ಅಳುತ್ತಾರೆಂದು ಮಕ್ಕಳ ಮುಖ ನೋಡಿದ. ಒಂದು ಹನಿಯೂ ಇಲ್ಲ. ಮುಂದಿನ ಸಾಲು ಓದಹೋದರೆ ಅವನ ಕಣ್ಣೇ ತುಂಬಿ ಅಕ್ಷರಗಳು ಕಲಸಿಕೊಂಡವು.

“ಅಮ್ಮಾ, ಅಪ್ಪ ಅಳ್ತಾವ್ರೆ!” ಲೋಹಿತ್ ಕೂಗಿದ. ತೇಜಸ್ವಿನಿ ಓಡಿಹೋಗಿ ಕಣ್ಣೊರೆಸಲು ಬಟ್ಟೆ ತಂದಳು, ಬಾಗಿಲ ಬಳಿಯ ಕಾಲೊರೆಸುವ ಬಟ್ಟೆ.

ಬೆಳಗಾಗುವಷ್ಟರಲ್ಲಿ ವೀಣಾ ಸುದ್ದಿಯನ್ನು ಪಕ್ಕದ ಮನೆಗೆ ದಾಟಿಸಿದ್ದಳು. ಡೈರಿಯಲ್ಲಿ ಹಾಲು ಹಾಕುತ್ತಿದ್ದ ಆ ಮನೆಯ ಸಣ್ಣಸ್ವಾಮಿ, “ಏನ್ ಶಶಿಯಣ್ಣ, ಆನೆ ಹೊಳೆ ದಾಟ್ತಂತೆ?” ಎಂದ.

“ದಾಟ್ತು ಕಣೋ, ನಾನೇ ಮುಳುಗ್ದೆ,” ಎಂದು ಶಶಿಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕ.

ಸಂಜೆ ಮಕ್ಕಳು ತಾವಾಗಿಯೇ ಪುಸ್ತಕ ಹಿಡಿದು ಬಂದರು. “ಅಪ್ಪ ಅಳೋ ಕಥೆ ಓದಿ.”

ಓದಿದ. ಕೊನೆಯ ಪುಟಕ್ಕೆ ಇಬ್ಬರೂ ಚಿತ್ರ ಬಿಟ್ಟು ಅವನ ಕಣ್ಣನ್ನೇ ದಿಟ್ಟಿಸಿದರು. ಎಷ್ಟು ತಿಣುಕಿದರೂ ಅಳು ಬರಲೊಲ್ಲದು. ಮೂಗು ಸೊರಸೊರ ಏರಿಸಿದ, ಭುಜ ಕುಲುಕಿಸಿದ.

“ಇದು ಸುಳ್ಳು ಅಳು,” ಎಂದಳು ತೇಜಸ್ವಿನಿ. “ಮೊದಲಿಂದ ಓದಿ.”

ಒಳಗಿನಿಂದ ವೀಣಾ ಊಟಕ್ಕೆ ಕರೆದಳು. ಯಾರೂ ಏಳಲಿಲ್ಲ.