ಗುಲಾಬಿ ಬೇಡವೆಂದ ಬೆಳಿಗ್ಗೆ

ಶಾವ್‌ಶಿಂಗ್ ಪಟ್ಟಣದ ಕಾಲುವೆ ಬೀದಿಯಲ್ಲಿ ಮನಸ್ಸು ಕೆಟ್ಟವರೆಲ್ಲ ಮೊದಲು ಬಂದು ಕೂರುತ್ತಿದ್ದುದು ಸುಯಿಂಗಳ ಹೂಕಷಾಯದ ಅಂಗಡಿಯ ಬೆಂಚಿನ ಮೇಲೆ. ಅವಳು ಮೊದಲು ನಾಲಿಗೆ ನೋಡುವಳು, ಆಮೇಲೆ ಬೈಯುವಳು, ಕೊನೆಗೆ ಹೂವು ಅಳೆಯುವಳು. ಸಿಟ್ಟು ನೆತ್ತಿಗೇರಿದವರಿಗೆ ಸೇವಂತಿಗೆ. ದುಃಖ ಎದೆಯಲ್ಲಿ ಗಂಟು ಕಟ್ಟಿದವರಿಗೆ ಗುಲಾಬಿ ಮೊಗ್ಗು, ಜೊತೆಗೆ ಬಾಗೆ ಮರದ ಕುಚ್ಚುಹೂವು. ಮುನಿಸಿಕೊಂಡ ಗಂಡಹೆಂಡಿರನ್ನು ಅದು ಕೂಡಿಸುತ್ತದೆಂದು ಅಲ್ಲಿಯವರ ನಂಬಿಕೆ.

"ಸುಯಿಂಗಕ್ಕ, ಸೊಸೆ ಮುಖ ನೋಡಿದ್ರೆ ಮೈ ಉರಿಯುತ್ತೆ, ಏನಾದ್ರೂ ಕುದಿಸ್ಕೊಡು" ಎಂದು ಯಾರಾದರೂ ಬಂದರೆ, "ಮುಖ ನೋಡ್ಬೇಡ, ಅದು ಪುಕ್ಕಟೆ ಔಷಧಿ" ಎನ್ನುತ್ತಲೇ ನೀರಿಡುವಳು.

ಆ ಚಳಿಗಾಲವೆಲ್ಲ ಗಂಡ ದೆಹಾಯ್‌ನ ಸೋದರತ್ತೆಗಾಗಿ ಹೂವು ಕಟ್ಟಿಕೊಟ್ಟಳು. ಸೇತುವೆಯಾಚೆ ಒಂಟಿಯಾಗಿರುವ ಮುದುಕಿಗೆ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಿದ್ದ ಅವನು. ಸುಯಿಂಗ್ ನಂಬಿದಳು. ಹಲ್ಲಿಲ್ಲದ ಬಾಯಿಗೆ ತೊಡಕಾದೀತೆಂದು ಒಣಬೋರೆಯನ್ನೂ ಬೀಜ ಬಿಡಿಸಿಯೇ ಹಾಕುತ್ತಿದ್ದಳು. ಅವನು ಪೊಟ್ಟಣ ಹಿಡಿದು ಹೊರಟರೆ ಎಂಥ ಒಳ್ಳೆಯ ಮನುಷ್ಯ ಎಂದು ಬೀದಿಯವರು ಮೆಚ್ಚುತ್ತಿದ್ದರು; ಇವಳೂ ಒಳಗೊಳಗೇ ಬೀಗುತ್ತಿದ್ದಳು, ಪೆದ್ದಿ.

ಒಂದು ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತ ಹೇಳಿದ: "ಇನ್ಮೇಲೆ ಅತ್ತೆ ಪೊಟ್ಟಣಕ್ಕೆ ಗುಲಾಬಿ ಹಾಕ್ಬೇಡ."

"ಯಾಕೆ, ವಾಸನೆ ಆಗಲ್ವಂತಾ?"

"ಅದೇನೋ... ಈಗ ಕುಡೀಬಾರ್ದಂತೆ."

ಸುಯಿಂಗಳ ಕೈ ಡಬ್ಬಿಯೊಳಗೇ ನಿಂತಿತು. ಗುಲಾಬಿ ರಕ್ತ ಹರಿಸುತ್ತದೆಂದು ಬಸುರಿಯರಿಗೆ ಕೊಡುವುದಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ದೆಹಾಯ್‌ನ ತಾಯಿ ಗುಲಾಬಿ ಡಬ್ಬಿಯನ್ನೇ ಅಟ್ಟಕ್ಕೇರಿಸಿದ್ದಳು. ಏಣಿ ಹಿಡಿದಿದ್ದವನು ಇವನೇ. ಹಲ್ಲುದುರಿದ ಮುದುಕಿಗೆ ಈಗ ಆ ಪಥ್ಯ ಯಾಕೆ?

"ನಿಮ್ಮತ್ತೆಗೆ ಈಗ ಎಷ್ಟು ತಿಂಗಳು?" ಎಂದಳು.

ಅವನು ನಕ್ಕುಬಿಟ್ಟಿದ್ದರೆ ಅವಳು ಇನ್ನೂ ನಂಬುತ್ತಿದ್ದಳು. ಅವನು ಕಟ್ಟಿದ್ದ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

"ಹೇಳ್ಬೇಕು ಅಂತಾನೇ ಇದ್ದೆ ಸುಯಿಂಗ್..."

ಅವನು ಬೇರೆಯವಳ ಹತ್ತಿರ ಹೋದದ್ದಕ್ಕಿಂತ, ಬೀಜ ಬಿಡಿಸಿದ ಆ ಬೋರೆಗಳೇ ಅವಳನ್ನು ಹೆಚ್ಚು ಸುಟ್ಟವು. ಚಳಿಗಾಲವಿಡೀ ಅವಳ ಕೈಯಿಂದಲೇ ಅವಳ ಸವತಿಗೆ ಸಮಾಧಾನ ಮಾಡಿಸಿದ್ದನಲ್ಲ!

ಸುಯಿಂಗ್ ಗುಲಾಬಿಯನ್ನು ಬೊಗಸೆ ತುಂಬ ಹಾಕಿ ತನಗೇ ಕುದಿಸಿಕೊಂಡಳು. ಹೋಗಲೋ ಬೇಡವೋ ಎಂದು ಅವನು ನಿಂತೇ ಇದ್ದ. ಬಟ್ಟಲು ಖಾಲಿಯಾದರೂ ಎದೆಯ ಗಂಟು ಸಡಿಲಲಿಲ್ಲ. ಊರಿಗೆಲ್ಲ ಹಂಚಿದ್ದ ಸಮಾಧಾನ ಅವಳ ಪಾಲಿಗೆ ಬರಲೇ ಇಲ್ಲ.

ಕಷಾಯದ ಚರಟವನ್ನು ಅಲ್ಲಿ ದಾರಿಗೆ ಚೆಲ್ಲುತ್ತಾರೆ. ತುಳಿದ ದಾರಿಹೋಕರ ಕಾಲಿನ ಜೊತೆ ಕಾಯಿಲೆ ಮನೆಬಿಟ್ಟು ಹೋಗಲಿ ಎಂದು. ಸುಯಿಂಗ್ ಅದನ್ನು ತನ್ನ ಹೊಸ್ತಿಲಾಚೆಗೇ ಸುರಿದಳು.

"ತುಳ್ಕೊಂಡು ಹೋಗು."

"ಮನೆಯವರು ತುಳೀತಾರಾ? ಹುಚ್ಚಾ ನಿಂಗೆ?"

"ಮನೆಯವರು ತುಳಿಯಲ್ಲ. ನೀನು ತುಳಿ."

ಅವನು ದಾಟಲು ಕಾಲೆತ್ತಿದ. ಅವಳು ಪಾತ್ರೆ ಹಿಡಿದು ಎದುರಿಗೆ ನಿಂತಳು, ಕದಲಲಿಲ್ಲ. ಕೊನೆಗೆ ತುಳಿದ. ಬೇಡವೆಂದಿದ್ದ ಗುಲಾಬಿ ಅವನ ಶೂ ಅಡಿಗೆ ಅಂಟಿಕೊಂಡೇ ಸೇತುವೆ ದಾಟಿತು.